‘ಬ್ಯಾಂಕರ್’ ಎಂಬ ಪದದ ಎರಡು ಅರ್ಥಗಳು

ವಡಗಾವಿಯ ಪೇಟೆಯಲ್ಲಿ ‘ಬ್ಯಾಂಕರ್’ ಎಂದರೆ ಹಣದ ವ್ಯವಹಾರಸ್ಥನೆಂದೇ ಅರ್ಥ. ಬೆಳಗಾವಿಯಿಂದ ಖಾನಾಪುರ, ಲೋಂಡಾ ದಾಟಿ ಕ್ಯಾಸಲ್‌ರಾಕ್ ತಲುಪಿದರೆ ಅದೇ ಪದಕ್ಕೆ ಬೇರೆ ಅರ್ಥವುಂಟು. ರೈಲ್ವೆಯವರ ಇಂಗ್ಲಿಷಿನಲ್ಲಿ ‘ಬ್ಯಾಂಕ್’ ಎಂದರೆ ಏರು. ಏರಿನಲ್ಲಿ ಗಾಡಿಯನ್ನು ಹಿಂದಿನಿಂದ ನೂಕುವ ಹೆಚ್ಚುವರಿ ಇಂಜಿನ್ನೇ ‘ಬ್ಯಾಂಕರ್’. ಅಮೆರಿಕದಲ್ಲಿ ಇದನ್ನು ‘ಹೆಲ್ಪರ್’ ಎನ್ನುವರು. 

ಗೋವೆಯ ಕುಲೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಘಟ್ಟದಲ್ಲಿ ಹಳಿಯು 37 ಅಡಿ ಸಾಗುವಷ್ಟರಲ್ಲಿ 1 ಅಡಿ ಏರುತ್ತದೆ. ಮುರಗಾಂವ ಬಂದರಿನಿಂದ ಕಲ್ಲಿದ್ದಲು ಹೊತ್ತು ಬರುವ ಗಾಡಿಯನ್ನು ಮುಂದಿನಿಂದಷ್ಟೇ ಎಳೆದರೆ, ಇಡೀ ಭಾರವು ಮೊದಲ ಕೊಂಡಿಯ ಮೇಲೆ ಬಿದ್ದು ಅದು ತುಂಡಾದೀತು. ಬ್ಯಾಂಕರ್ ಆ ಭಾರವನ್ನು ಹಂಚಿಕೊಳ್ಳುತ್ತದೆ.

ಹಿಂದಿನ ಚಾಲಕನಿಗೆ ಮುಂದಿನ ದಾರಿ ಕಾಣದು. ಮುಂದಿನವನ ಸಂಕೇತವನ್ನರಿತೇ ಆತನು ಬಲ ಕೊಡಬೇಕು. ಮಿತಿಮೀರಿ ನೂಕಿದರೆ ನಡುವಿನ ಡಬ್ಬಿಗಳು ಹಳಿ ತಪ್ಪಬಹುದು. ನೆರವಿಗೆ ಬಲದಷ್ಟೇ ಸಂಯಮವೂ ಬೇಕು. ಏರು ಮುಗಿದ ಮೇಲೆ ಬ್ಯಾಂಕರ್ ಕಳಚಿಕೊಂಡು ಇನ್ನೊಂದು ಗಾಡಿಯ ಸೇವೆಗೆ ಅಣಿಯಾಗುತ್ತದೆ.

ವಿದ್ಯಾರ್ಥಿಗಳೇ, ಹೆಸರನ್ನು ಬಯಸದೆ ಹಿಂದೆ ನಿಂತು ಮಾಡುವ ಇಂಥ ನೆರವೇ ಅಲ್ಲವೇ ಶರಣರು ಕಲಿಸಿದ ದಾಸೋಹ?