ಬಿಡುವಿಗೂ ತಯಾರಿ ಬೇಕು

ಆರಾಮಾಗಿ ಸುತ್ತಲು ಹೊರಟವರಿಗೆ ಯೋಜನೆ ಯಾಕೆ, ಹೋದಲ್ಲಿ ಹೇಗೋ ಆಗುತ್ತದೆ ಎನ್ನುವವರಿದ್ದಾರೆ. ಅಪ್ಪ ಅಮ್ಮನನ್ನು ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್‌ಗೆ ಕರೆದುಕೊಂಡು ಹೋಗಿಬಂದ ನನಗೆ ಹಾಗೆನ್ನಿಸುವುದಿಲ್ಲ. ಋತು, ದಾರಿ, ಮನೆ, ಊಟ ಇವಿಷ್ಟನ್ನು ಊರಲ್ಲೇ ಗಟ್ಟಿ ಮಾಡಿಕೊಂಡರೆ ಅಲ್ಲಿ ದಿನಗಳನ್ನು ನಿಶ್ಚಿಂತೆಯಿಂದ ಖಾಲಿ ಬಿಡಬಹುದು.

ಮಾರ್ಚ್, ಏಪ್ರಿಲ್‌ನಲ್ಲಿ ಅಲ್ಲಿನ ಬೆಟ್ಟಗಳಲ್ಲಿ ಬೇಸಾಯಕ್ಕೆಂದು ಕುರುಚಲು ಸುಡುತ್ತಾರೆ, ಊರಿಗೆಲ್ಲ ಹೊಗೆ ಕವಿಯುತ್ತದೆ. ಅಪ್ಪನಿಗೆ ಉಬ್ಬಸ. ಹಾಗಾಗಿ ಡಿಸೆಂಬರ್ ಆರಿಸಿದೆವು. ಹೋಗುವಾಗ ಥಾಯ್ಲೆಂಡ್ ಗಡಿಯಂಚಿನ ಹುವಾಯ್ ಸಾಯ್‌ನಿಂದ ಮೆಕಾಂಗ್ ನದಿಯ ದೋಣಿ. ಅದು ಎರಡು ದಿನದ ಹಾದಿ. ರಾತ್ರಿ ಪಾಕ್‌ಬೆಂಗ್‌ನಲ್ಲಿ ತಂಗಬೇಕು. ಅಲ್ಲಿನ ಕೋಣೆಯನ್ನು ಮೊದಲೇ ಕಾದಿರಿಸಿದ್ದೆ. ಮರಳುವಾಗ 2021ರಲ್ಲಿ ಶುರುವಾದ ರೈಲಿನಲ್ಲಿ ರಾಜಧಾನಿ ವಿಯೆಂಟಿಯಾನ್‌ಗೆ ಸುಮಾರು ಎರಡೇ ಗಂಟೆ.

ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವಲ್ಲಿರುವ ಹಳೇ ಪೇಟೆ 1995ರಿಂದ ಯುನೆಸ್ಕೋ ವಿಶ್ವ ಪರಂಪರೆಯ ತಾಣ. ಎಲ್ಲವೂ ನಡೆದೇ ಹೋಗುವಷ್ಟು ಹತ್ತಿರ. ಅಲ್ಲೇ, ಮೆಟ್ಟಿಲು ಹತ್ತಬೇಕಿಲ್ಲದ, ಅಡುಗೆಮನೆಯಿರುವ ಮನೆ ಹಿಡಿದೆವು. ನಾವು ಸಸ್ಯಾಹಾರಿಗಳು, ಅಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾರ ಬೀಳುತ್ತದೆ. ಅಮ್ಮ ಬೆಳಗಿನ ಸಂತೆಯಿಂದ ಸೊಪ್ಪು ತಂದು ಬೇಯಿಸುತ್ತಿದ್ದಳು. ಸಂತೆಯಲ್ಲಿ ಒಬ್ಬಾಕೆ ಶಂಕುವಿನಾಕಾರದ ಬಿದಿರು ಬುಟ್ಟಿಯಲ್ಲಿ ಅಂಟಕ್ಕಿ ಹಬೆಯಾಡಿಸಿ, ಬುಟ್ಟಿಯನ್ನೊಮ್ಮೆ ಜಾಡಿಸಿ ಅನ್ನದ ಮುದ್ದೆಯನ್ನು ಇಡಿಯಾಗಿ ಮಗುಚುತ್ತಿದ್ದಳು. ಅಮ್ಮ ದಿನವೂ ಅಲ್ಲಿ ನಿಂತು ನೋಡುವಳು. ಎಳ್ಳು ಉದುರಿಸಿ ಒಣಗಿಸಿದ ನದಿಪಾಚಿ ನಮ್ಮ ಹಪ್ಪಳದಂತೆ ಗರಿಗರಿ. ಕೊಳ್ಳುವ ಮುನ್ನ ಅದಕ್ಕೆ ಏನೇನು ಸೇರಿಸಿದ್ದಾರೆಂದು ಕೇಳಿಕೊಳ್ಳಬೇಕು.

ದಿನಕ್ಕೆ ಒಂದೇ ಕೆಲಸ ಎಂದು ನಿಯಮ ಮಾಡಿಕೊಂಡಿದ್ದೆವು. ಕುವಾಂಗ್ ಸಿ ಜಲಪಾತಕ್ಕೆ ಹೋದ ಮರುದಿನ ಪೂರಾ ವಿಶ್ರಾಂತಿ. ಹದಿನಾರನೇ ಶತಮಾನದ ವಾಟ್ ಶಿಯೆಂಗ್ ಥಾಂಗ್ ದೇಗುಲದ ಹಿಂಗೋಡೆಯಲ್ಲಿ ಬಣ್ಣದ ಗಾಜಿನ ಚೂರುಗಳಿಂದ ಮಾಡಿದ ದೊಡ್ಡ ಮರವಿದೆ. ಸಂಜೆ ನೋಡಿ ಬಂದ ಅಮ್ಮ, "ಬೆಳಗಿನ ಬಿಸಿಲಲ್ಲಿ ಇನ್ನೊಂದ್ಸಲ ನೋಡ್ಬೇಕು ಕಣೋ" ಅಂದಳು. ಮರುದಿನ ಖಾಲಿಯಿತ್ತು, ಹೋದೆವು. ಎಲೆಗಳ ನಡುವಿನ ಹಕ್ಕಿ, ಪ್ರಾಣಿಗಳು ಆಗಲೇ ನಮ್ಮ ಕಣ್ಣಿಗೆ ಬಿದ್ದದ್ದು.

ಹಿರಿಯರೊಡನೆ ಹೊರಡುವವರಿಗೆ ನಾನು ಹೇಳುವುದಿಷ್ಟೇ: ಟಿಕೆಟ್ ತೆಗೆಯುವ ಮೊದಲು, ಈ ಸಲ ಯಾವ್ಯಾವ ಊರನ್ನು ಬಿಡುತ್ತೀರಿ ಎಂದು ತೀರ್ಮಾನಿಸಿ. ಉಳಿದ ಊರಿಗೆ ನಿಮ್ಮ ಸಮಯವೆಲ್ಲ ಸಿಗಲಿ.