ಅಂಗನವಾಡಿ ಮಕ್ಕಳ ಮನಸ್ಸು ಮತ್ತು ನಡವಳಿಕೆ: ಕಾರ್ಯಕರ್ತೆಯರ ತರಬೇತಿಯಲ್ಲಿ ಗ್ರಾಮ ಪಂಚಾಯಿತಿಯ ಪಾಲು

(ಗ್ರಾಮ ಪಂಚಾಯಿತಿ ಚುನಾಯಿತ ಪ್ರತಿನಿಧಿಗಳಿಗಾಗಿ ಅಧ್ಯಯನ ಲೇಖನ)

ಅಂಗನವಾಡಿಯ ಕುರಿತು ಗ್ರಾಮ ಪಂಚಾಯಿತಿ ಸದಸ್ಯರ ಬಳಿಗೆ ಬರುವ ದೂರುಗಳು ಸಾಮಾನ್ಯವಾಗಿ ಕಟ್ಟಡ, ಕುಡಿಯುವ ನೀರು, ಮೊಟ್ಟೆ, ಆಹಾರ ಸಾಮಗ್ರಿಗಳಿಗೆ ಸಂಬಂಧಿಸಿರುತ್ತವೆ. ಅಪರೂಪಕ್ಕೆ ಬೇರೆ ಬಗೆಯ ದೂರೂ ಬರುವುದುಂಟು: “ಆ ಹುಡುಗ ನಮ್ಮ ಮಗುವನ್ನು ಕಚ್ಚುತ್ತಾನೆ, ಅವನನ್ನು ಅಂಗನವಾಡಿಯಿಂದ ಬಿಡಿಸಿ.” ಇಂತಹ ದೂರು ಬಂದಾಗ ಸದಸ್ಯರಿಗೆ ಸುಲಭವಾಗಿ ತೋಚುವ ದಾರಿಯೆಂದರೆ ಕಾರ್ಯಕರ್ತೆಗೆ ದೂರವಾಣಿ ಮಾಡಿ, ಆ ಮಗುವನ್ನು ಕೆಲವು ದಿನ ಕರೆತರುವುದು ಬೇಡವೆಂದು ಹೇಳುವುದು. ದೂರು ಅಲ್ಲಿಗೆ ಮುಗಿಯುತ್ತದೆ. ಆದರೆ ಆ ಮಗುವಿಗೆ ಅಂದಿನಿಂದ ಬಿಸಿಯೂಟ ತಪ್ಪುತ್ತದೆ, ತೂಕ ನೋಡುವುದು ತಪ್ಪುತ್ತದೆ, ಆರೋಗ್ಯ ತಪಾಸಣಾ ತಂಡ ಬಂದಾಗ ಅದು ತಂಡದ ಕಣ್ಣಿಗೆ ಬೀಳುವುದೂ ತಪ್ಪುತ್ತದೆ. ಕೆಲವು ದಿನ ಎಂದದ್ದು ಅನೇಕ ವೇಳೆ ಒಂದನೆಯ ತರಗತಿಯವರೆಗೂ ಮುಂದುವರಿಯುತ್ತದೆ.

ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ಆರಂಭವಾಯಿತು. ನಮ್ಮ ರಾಜ್ಯದಲ್ಲಿ ಅದರ ಮೊದಲ ಹೆಜ್ಜೆ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಬಿದ್ದಿತು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಕಳುಹಿಸುವಿಕೆ, ತಾಯಂದಿರಿಗೆ ಆರೋಗ್ಯ ಶಿಕ್ಷಣ, ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳಲ್ಲಿ ಮನಸ್ಸಿನ ಆರೋಗ್ಯಕ್ಕೆ ಪ್ರತ್ಯೇಕ ಶೀರ್ಷಿಕೆ ಇರಲಿಲ್ಲ. ಮಗುವಿನ ತೂಕ ಕಡಿಮೆಯಾದರೆ ಅದನ್ನು ತೋರಿಸುವ ತಕ್ಕಡಿ ಕೇಂದ್ರದಲ್ಲಿದೆ. ಮಗು ಮಾತು ಕಡಿಮೆ ಮಾಡಿದರೆ ತೋರಿಸುವ ಸಾಧನವಿಲ್ಲ. ಅದನ್ನು ಗಮನಿಸಬೇಕಾದುದು ಕಾರ್ಯಕರ್ತೆಯ ಕಣ್ಣು, ಮತ್ತು ಆ ಕಣ್ಣಿಗೆ ತರಬೇತಿ ಬೇಕು.

ಸಾಮಾನ್ಯ ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ತರಬೇತಿ ನೀಡುವ ಆಲೋಚನೆ ಕರ್ನಾಟಕಕ್ಕೆ ಹೊಸದಲ್ಲ. 1970ರ ದಶಕದಲ್ಲಿಯೇ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಗರದ ಹೊರವಲಯದ ಸಕಲವಾರದಲ್ಲಿ ಗ್ರಾಮೀಣ ಘಟಕವನ್ನು ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಮತ್ತು ಆರೋಗ್ಯ ಕಾರ್ಯಕರ್ತರಿಗೆ ಈ ವಿಷಯವನ್ನು ಕಲಿಸಬಹುದೆಂದು ತೋರಿಸಿತು. ಅನಂತರ ಬಳ್ಳಾರಿಯಲ್ಲಿ ನಡೆದ ಪ್ರಯೋಗದ ಮಾದರಿಯಲ್ಲಿಯೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು. ಅಂಗನವಾಡಿಯ ಮಟ್ಟಕ್ಕೆ ಬಂದರೆ, ಕೇಂದ್ರ ಸರ್ಕಾರವು 2023ರ ಮೇ 10ರಂದು ಆರಂಭಿಸಿದ ‘ಪೋಷಣ್ ಭೀ, ಪಢಾಯೀ ಭೀ’ ಕಾರ್ಯಕ್ರಮ ಹಾಗೂ 2024ರ ‘ಆಧಾರಶಿಲಾ’ ಪಠ್ಯಕ್ರಮವು ಮೂರರಿಂದ ಆರು ವರ್ಷದ ಮಕ್ಕಳ ಸಾಮಾಜಿಕ ಮತ್ತು ಭಾವನಾತ್ಮಕ ಬೆಳವಣಿಗೆಯನ್ನು ಕಲಿಕೆಯ ಭಾಗವೆಂದೇ ಪರಿಗಣಿಸಿವೆ. ಆದರೆ ತರಬೇತಿ ಮೂರು ದಿನದ್ದು. ಮಗು ಕೇಂದ್ರದಲ್ಲಿ ಕಳೆಯುವುದು ಮೂರು ವರ್ಷ.

ತರಬೇತಿಯ ತಿರುಳು

ಈ ತರಬೇತಿಯು ಕಾರ್ಯಕರ್ತೆಯನ್ನು ಮನೋವೈದ್ಯೆಯನ್ನಾಗಿ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಅದು ಕಲಿಸಬೇಕಾದ ಮೊದಲ ಸಂಗತಿಯೆಂದರೆ ಯಾವುದು ವಯಸ್ಸಿಗೆ ಸಹಜ, ಯಾವುದು ಅಲ್ಲ ಎಂಬ ವಿವೇಚನೆ. ಎರಡು-ಮೂರು ವರ್ಷದ ಮಗು ನೆಲಕ್ಕೆ ಬಿದ್ದು ಹೊರಳಾಡುವುದು, ಹೊಡೆಯುವುದು, ಕಚ್ಚುವುದು ಸಾಮಾನ್ಯ. ಹೇಳಬೇಕಾದುದಕ್ಕೆ ಮಾತು ಸಾಲದಾದಾಗ ಅದು ಹಲ್ಲನ್ನೂ ಕೈಯನ್ನೂ ಬಳಸುತ್ತದೆ. ನಾಲ್ಕು ವರ್ಷ ದಾಟಿದ ಮಗುವೂ ಹಾಗೆಯೇ ಮುಂದುವರಿದರೆ, ಇಲ್ಲವೇ ನಿಂತುಹೋಗಿದ್ದ ಅಭ್ಯಾಸ ಮತ್ತೆ ಬಂದರೆ, ಕಾರಣವನ್ನು ಹುಡುಕಬೇಕು. ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗುವುದು, ಬಿಟ್ಟಿದ್ದ ಬೆರಳು ಚೀಪುವಿಕೆ ಮರಳುವುದು, ಮಾತನಾಡುತ್ತಿದ್ದ ಮಗು ಮೂಕವಾಗುವುದು ಮನೆಯಲ್ಲಿ ಆದ ಬದಲಾವಣೆಯ ಗುರುತಾಗಿರಬಹುದು. ಹೊಸ ಕೂಸು ಹುಟ್ಟಿರಬಹುದು, ಸಾವು ಆಗಿರಬಹುದು, ತಂದೆ ಕುಡಿದು ಬಂದು ತಾಯಿಯನ್ನು ಹೊಡೆಯುತ್ತಿರಬಹುದು.

ಎರಡನೆಯದು, ಮಕ್ಕಳ ಗದ್ದಲಕ್ಕಿಂತ ಮೌನ ಹೆಚ್ಚು ಅಪಾಯಕಾರಿಯಾಗಿರಬಹುದು ಎಂಬ ತಿಳಿವಳಿಕೆ. ಗಲಾಟೆ ಮಾಡುವ ಮಗುವಿನ ಹೆಸರು ಊರಿಗೆಲ್ಲ ಗೊತ್ತಿರುತ್ತದೆ. ಮೂಲೆಯಲ್ಲಿ ಕುಳಿತು, ಕೊಟ್ಟದ್ದನ್ನು ತಿಂದು, ಯಾರೊಡನೆಯೂ ಆಡದೆ ಮನೆಗೆ ಹೋಗುವ ಮಗುವನ್ನು “ಬಲು ಸಾಧು” ಎಂದು ಹೊಗಳಲಾಗುತ್ತದೆ.

ಮೂರನೆಯದು, ಹೆದರಿಸುವುದನ್ನು ಬಿಡುವುದು. ಗುಮ್ಮ ಬರುತ್ತಾನೆ, ಪೊಲೀಸರು ಹಿಡಿದುಕೊಂಡು ಹೋಗುತ್ತಾರೆ, ನರ್ಸಮ್ಮ ಸೂಜಿ ಚುಚ್ಚುತ್ತಾರೆ ಎಂಬ ಮಾತುಗಳಿಂದ ಮಗು ಆ ಕ್ಷಣಕ್ಕೆ ಸುಮ್ಮನಾಗುವುದು ನಿಜ. ಆದರೆ ಮುಂದೆ ಅದೇ ನರ್ಸಮ್ಮ ಚುಚ್ಚುಮದ್ದಿಗೆ ಬಂದಾಗ ಮಗು ಮಂಚದ ಕೆಳಗೆ ಅಡಗುತ್ತದೆ. ದೈಹಿಕ ಶಿಕ್ಷೆ ಹಾಗೂ ಮಾನಸಿಕ ಹಿಂಸೆಯನ್ನು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಪ್ರಕರಣವು ಶಾಲೆಗಳಲ್ಲಿ ನಿಷೇಧಿಸಿದೆ. ಶಾಲೆಯ ಮಕ್ಕಳಿಗೆ ಸಲ್ಲದ ಶಿಕ್ಷೆ ಅವರಿಗಿಂತ ಚಿಕ್ಕವರಿಗೆ ಸಲ್ಲುತ್ತದೆಂದು ವಾದಿಸಲು ಯಾವ ಆಧಾರವೂ ಇಲ್ಲ.

ಕಚ್ಚುವ ಮಗುವಿನ ಉದಾಹರಣೆ

ತರಬೇತಿಯ ಪ್ರಯೋಜನ ಭಾಷಣದಲ್ಲಿ ಕಾಣುವುದಿಲ್ಲ, ದಿನದ ಕೆಲಸದಲ್ಲಿ ಕಾಣುತ್ತದೆ. ಆದ್ದರಿಂದ ಮೇಲೆ ಹೇಳಿದ ದೂರನ್ನೇ ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ಉತ್ತರ ಕರ್ನಾಟಕದ ಒಂದು ಹಳ್ಳಿ. ದಸರೆ ಮುಗಿದು ಕಬ್ಬಿನ ಹಂಗಾಮು ಆರಂಭವಾದಾಗ ತಂದೆ-ತಾಯಿ ಕಬ್ಬು ಕಡಿಯುವ ಗ್ಯಾಂಗಿನೊಡನೆ ಹೋಗಿದ್ದಾರೆ. ನಾಲ್ಕು ವರ್ಷದ ಹುಡುಗ ಅಜ್ಜಿಯ ಬಳಿ ಉಳಿದಿದ್ದಾನೆ. ಹದಿನೈದು ದಿನಗಳಲ್ಲಿ ಮೂವರು ಮಕ್ಕಳನ್ನು ಕಚ್ಚಿದ್ದಾನೆ.

ತರಬೇತಿ ಪಡೆದ ಕಾರ್ಯಕರ್ತೆ ಮೊದಲು ಮಾಡುವ ಕೆಲಸ ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಲಂ ಎಳೆಯುವುದು. ಕಚ್ಚುವ ಮೊದಲು ಏನಾಯಿತು, ಮಗು ಏನು ಮಾಡಿತು, ಅನಂತರ ಉಳಿದವರು ಏನು ಮಾಡಿದರು. ಒಂದು ವಾರ ಬರೆದ ಮೇಲೆ, ಕಚ್ಚುವುದು ಇಡೀ ದಿನ ನಡೆಯುತ್ತಿಲ್ಲವೆಂದು ತಿಳಿಯುತ್ತದೆ. ಊಟಕ್ಕೆ ಮೊದಲು ಎಲ್ಲ ಮಕ್ಕಳೂ ಕೈತೊಳೆಯಲು ಒಂದೇ ಬಾಗಿಲಲ್ಲಿ ನುಗ್ಗುವಾಗ ಅದು ನಡೆಯುತ್ತದೆ, ಅದೂ ಬೆಳಿಗ್ಗೆ ತಾಯಿ ಫೋನ್ ಮಾಡಿದ ದಿನಗಳಲ್ಲಿ. ಅಜ್ಜಿಯನ್ನು ವಿಚಾರಿಸಿದಾಗ ಉತ್ತರ ಸಿಗುತ್ತದೆ: “ಅವ್ವ ಬರ್ತಾಳಂತ ಹೇಳಿದ್ರ ಇಡೀ ದಿನ ಬಾಗಿಲಾಗ ಕುಂದರ್ತಾನ್ರಿ ಅಕ್ಕೋರ, ಯಾರರ ಅಡ್ಡ ಬಂದ್ರ ಸಿಟ್ಟಿಗೇಳ್ತಾನ.” ಹುಡುಗ ಬಾಗಿಲನ್ನು ಕಾಯುತ್ತಿದ್ದಾನೆ. ಆ ಬಾಗಿಲಿಗೆ ಅಡ್ಡ ಬಂದವರನ್ನು ಕಚ್ಚುತ್ತಿದ್ದಾನೆ.

ಕಾರಣ ತಿಳಿದ ಮೇಲೆ ಮಾಡಬೇಕಾದುದು ಸರಳ. ಮಕ್ಕಳನ್ನು ನಾಲ್ಕು ನಾಲ್ಕರಂತೆ ಕೈತೊಳೆಯಲು ಕಳುಹಿಸುವುದು. ಹುಡುಗನಿಗೆ ತಟ್ಟೆ ಹಂಚುವ ಕೆಲಸ ಕೊಟ್ಟು ಆ ಹೊತ್ತಿಗೆ ಒಳಗೇ ಇರಿಸುವುದು. ತಾಯಿಯ ಕರೆ ಸಂಜೆಗೆ ಬರುವಂತೆ ಅಜ್ಜಿಗೆ ತಿಳಿಸುವುದು. ಅವ್ವ ನಾಳೆ ಬರುತ್ತಾಳೆಂದು ಸುಳ್ಳು ಹೇಳದೆ, ಕಬ್ಬು ಮುಗಿದ ಮೇಲೆ ಬರುತ್ತಾಳೆಂದು ಹೇಳುವುದು. “ನಿನಗೆ ಅವ್ವನ ನೆನಪಾಗಿದೆ, ಅದಕ್ಕೆ ಸಿಟ್ಟು ಬಂದಿದೆ” ಎಂದು ಅವನ ಸ್ಥಿತಿಗೆ ಮಾತು ಒದಗಿಸುವುದು. ಕಚ್ಚಿದ ಕೂಡಲೇ ಮೊದಲು ಕಚ್ಚಿಸಿಕೊಂಡ ಮಗುವನ್ನು ಸಂತೈಸಿ, ಕಚ್ಚಿದವನಿಗೆ “ಕಚ್ಚುವಂತಿಲ್ಲ, ನೋವಾಗುತ್ತದೆ” ಎಂದು ಚಿಕ್ಕದಾಗಿ ಹೇಳಿ ಅಷ್ಟಕ್ಕೇ ನಿಲ್ಲಿಸುವುದು. ದೀರ್ಘ ಬೈಗುಳವೂ ಮಗುವಿಗೆ ಒಂದು ಬಗೆಯ ಗಮನವೇ. ಗಮನಕ್ಕೆ ಹಸಿದ ಮಗು ಅದನ್ನೂ ಬಯಸುತ್ತದೆ.

ಇಲ್ಲಿ ಸದಸ್ಯರು ಮುಖ್ಯವಾಗಿ ಅರಿಯಬೇಕಾದುದೊಂದಿದೆ. ಇಂತಹ ಕ್ರಮಗಳನ್ನು ಆರಂಭಿಸಿದ ಮೊದಲ ದಿನಗಳಲ್ಲಿ ಮಗುವಿನ ನಡವಳಿಕೆ ಸುಧಾರಿಸುವ ಬದಲು ಕೆಡುವುದೂ ಉಂಟು. ಹಳೆಯ ಉಪಾಯ ಫಲಿಸದಿದ್ದಾಗ ಮಗು ಅದನ್ನೇ ಇನ್ನಷ್ಟು ಜೋರಾಗಿ ಪ್ರಯತ್ನಿಸುತ್ತದೆ. ಪೋಷಕರ ಒತ್ತಡ ಹೆಚ್ಚುವುದು, ಕಾರ್ಯಕರ್ತೆಯ ಧೈರ್ಯ ಕುಗ್ಗುವುದು, ಸದಸ್ಯರಿಗೆ ಎರಡನೆಯ ದೂರು ಬರುವುದು ಇದೇ ವಾರದಲ್ಲಿ. ತರಬೇತಿ ಫಲಿಸುವುದೋ ವಿಫಲವಾಗುವುದೋ ಎಂಬುದು ಬಹುಮಟ್ಟಿಗೆ ಈ ವಾರದಲ್ಲಿ ನಿರ್ಧಾರವಾಗುತ್ತದೆ. ಕಚ್ಚಿಸಿಕೊಂಡ ಮಕ್ಕಳ ತಾಯಂದಿರ ಸಿಟ್ಟು ನ್ಯಾಯವಾದುದೇ. ಅವರೊಡನೆ ಬಾಲವಿಕಾಸ ಸಮಿತಿಯ ಮೂಲಕ ಮಾತನಾಡಿ, ಎರಡು-ಮೂರು ವಾರಗಳ ಕಾಲಾವಕಾಶವನ್ನು ಕೇಳಿ ಪಡೆಯುವ ಕೆಲಸವನ್ನು ವಾರ್ಡಿನ ಸದಸ್ಯರು ಮಾಡಬಲ್ಲರು. ಕಾರ್ಯಕರ್ತೆಯೊಬ್ಬಳಿಂದಲೇ ಅದು ಆಗುವುದು ಕಷ್ಟ.

ವೈದ್ಯರ ಅಗತ್ಯ ಇರುವಾಗ

ಎಲ್ಲವೂ ಮನಸ್ಸಿನ ವಿಷಯವಲ್ಲ. ಕರೆದರೆ ತಿರುಗದ ಮಗುವಿಗೆ ಕಿವಿ ಸೋರುತ್ತಿರಬಹುದು. ಸದಾ ಕಿರಿಕಿರಿ ಮಾಡುವ, ಯಾವುದರಲ್ಲಿಯೂ ಗಮನವಿಡದ ಮಗುವಿಗೆ ರಕ್ತಹೀನತೆ ಇರಬಹುದು. ಎರಡು ವರ್ಷ ತುಂಬಿದರೂ ಎರಡು ಪದಗಳನ್ನು ಜೋಡಿಸಿ ಮಾತನಾಡದ ಮಗುವನ್ನು “ಗಂಡು ಮಕ್ಕಳಿಗೆ ಮಾತು ತಡ” ಎಂದು ಬಿಡಬಾರದು, ತಪಾಸಣೆಗೆ ಕಳುಹಿಸಬೇಕು. ಬಂದಿದ್ದ ಮಾತು ಯಾವುದೇ ವಯಸ್ಸಿನಲ್ಲಿ ಹೋದರೆ ಒಂದು ವಾರವೂ ಕಾಯಬಾರದು. ಮನೆಯವರು ದೃಷ್ಟಿ ತೆಗೆಸುವುದನ್ನೋ ತಾಯತ ಕಟ್ಟಿಸುವುದನ್ನೋ ಅಪಹಾಸ್ಯ ಮಾಡಿದರೆ ಅವರು ಆಸ್ಪತ್ರೆಗೆ ಬರುವುದೂ ನಿಲ್ಲುತ್ತದೆ. ಅದರ ಜೊತೆಗೆ ವೈದ್ಯರಿಗೂ ತೋರಿಸಿ ಎಂದರೆ ಸಾಕು.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡವು ವರ್ಷಕ್ಕೆ ಎರಡು ಬಾರಿ ಪ್ರತಿ ಅಂಗನವಾಡಿಗೆ ಭೇಟಿ ನೀಡಬೇಕು. ಬೆಳವಣಿಗೆಯ ಕುಂಠಿತವೂ ಅವರು ಪರೀಕ್ಷಿಸುವ ಅಂಶಗಳಲ್ಲೊಂದು. ಅಗತ್ಯವಿದ್ದ ಮಕ್ಕಳನ್ನು ಅವರು ಜಿಲ್ಲಾ ಮಟ್ಟದ ಡಿ.ಇ.ಐ.ಸಿ. ಕೇಂದ್ರಕ್ಕೆ ಕಳುಹಿಸುತ್ತಾರೆ. ತಂಡ ಬರುವ ದಿನ ಯಾವ ಮಕ್ಕಳು ಗೈರುಹಾಜರಾಗಿದ್ದರು ಎಂಬುದನ್ನು ಸದಸ್ಯರು ಕೇಳಿ ತಿಳಿಯಬೇಕು. ಬಿಡಿಸಲ್ಪಟ್ಟ ಮಕ್ಕಳು ಸಾಮಾನ್ಯವಾಗಿ ಆ ಪಟ್ಟಿಯಲ್ಲಿರುತ್ತಾರೆ. ಕಾರ್ಯಕರ್ತೆಗಾಗಲಿ ಪೋಷಕರಿಗಾಗಲಿ ಸಲಹೆ ಬೇಕಾದಾಗ 14416 ಸಂಖ್ಯೆಯ ಟೆಲಿ-ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಕೊಠಡಿಯೂ ಒಂದು ಕಾರಣ

ಮಕ್ಕಳ ನಡವಳಿಕೆಯ ಬಗ್ಗೆ ಮಾತನಾಡುವಾಗ ಕಟ್ಟಡವನ್ನು ಮರೆಯಲಾಗುತ್ತದೆ. ಆರ್.ಸಿ.ಸಿ. ಛಾವಣಿ, ಸಿಮೆಂಟು ಗೋಡೆ, ಟೈಲ್ಸ್ ನೆಲದ ಖಾಲಿ ಕೊಠಡಿಯಲ್ಲಿ ಇಪ್ಪತ್ತೈದು ಮಕ್ಕಳ ಧ್ವನಿ ಪ್ರತಿಧ್ವನಿಸಿ ಹಲವು ಪಟ್ಟು ಆದಂತೆ ಕೇಳಿಸುತ್ತದೆ. ತಗಡಿನ ಛಾವಣಿಯಾದರೆ ಮಧ್ಯಾಹ್ನದ ಸೆಕೆ ಬೇರೆ. ಅಲ್ಲಿ ದೊಡ್ಡವರೂ ಸಿಡುಕುತ್ತಾರೆ. ನೆಲಕ್ಕೆ ಜಮಖಾನೆ, ಗೋಡೆಗೆ ದಪ್ಪ ಬಟ್ಟೆಯ ಚಿತ್ರಪಟ, ಮೂಲೆಯಲ್ಲಿ ಒಂದು ಚಾಪೆ ಮತ್ತು ಬಟ್ಟೆಯ ಗೊಂಬೆಗಳು ಇದ್ದರೆ ಸದ್ದು ಇಳಿಯುತ್ತದೆ. ಆ ಮೂಲೆ ಶಿಕ್ಷೆಯ ಜಾಗವಾಗಬಾರದು. ದಣಿದ ಮಗು ತಾನಾಗಿ ಹೋಗಿ ಕೂರುವ ಜಾಗವಾಗಬೇಕು. ಕೈತೊಳೆಯುವ ನಲ್ಲಿ ಒಂದರ ಬದಲು ಮಕ್ಕಳ ಎತ್ತರಕ್ಕೆ ನಾಲ್ಕಿದ್ದರೆ ಮೇಲಿನ ಹುಡುಗ ಕಚ್ಚುವ ಸಂದರ್ಭವೇ ಅರ್ಧ ಕಡಿಮೆಯಾಗುತ್ತಿತ್ತು. ಇವು ದೊಡ್ಡ ವೆಚ್ಚದ ಕೆಲಸಗಳಲ್ಲ. ಕ್ರಿಯಾಯೋಜನೆಯಲ್ಲಿ ಅಂಗನವಾಡಿ ದುರಸ್ತಿ ಎಂದರೆ ಬಣ್ಣ ಬಳಿಯುವುದಷ್ಟೇ ಎಂಬ ರೂಢಿಯನ್ನು ಬಿಟ್ಟು, ಪಂಚಾಯಿತಿಯು ಕಾರ್ಯಕರ್ತೆಯನ್ನು ಕೇಳಿ ಅಂದಾಜುಪಟ್ಟಿ ಮಾಡಿಸುವುದು ಒಳ್ಳೆಯದು.

ಪಂಚಾಯಿತಿಯ ಮಿತಿ ಮತ್ತು ಹೊಣೆ

ಮಹಿಳೆ ಮತ್ತು ಶಿಶು ಅಭಿವೃದ್ಧಿಯು ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿರುವ ವಿಷಯ. ಆದರೂ ಕಾರ್ಯಕರ್ತೆಯ ಆಡಳಿತ ಮತ್ತು ತರಬೇತಿ ಇಲಾಖೆಗೆ ಸೇರಿದ್ದು. ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳು ಮತ್ತು ವಲಯ ಮೇಲ್ವಿಚಾರಕಿಯರ ಮೂಲಕ ಅದು ನಡೆಯಬೇಕು. ತರಬೇತಿಗೆ ಯಾರು ಹೋಗಿ ಬಂದಿದ್ದಾರೆ, ಸಹಾಯಕಿಗೂ ಅದು ದೊರೆತಿದೆಯೇ ಎಂದು ಕೇಳುವುದು ಪಂಚಾಯಿತಿಯ ಹಕ್ಕು. ಸಹಾಯಕಿಯ ಪ್ರಶ್ನೆ ಚಿಕ್ಕದಲ್ಲ: ಕಾರ್ಯಕರ್ತೆ ವಹಿ ಮತ್ತು ಮೊಬೈಲ್ ದಾಖಲೆಗಳಲ್ಲಿ ತೊಡಗಿರುವಾಗ ಮಕ್ಕಳೊಡನೆ ಇರುವವರು ಅವರೇ. ಪಂಚಾಯಿತಿಯೇ ನಡೆಸುವ ಕೂಸಿನ ಮನೆಗಳಲ್ಲಿ ಆರೈಕೆ ಮಾಡುವ ಮಹಿಳೆಯರಿಗೂ ಈ ತಿಳಿವಳಿಕೆ ಅಷ್ಟೇ ಅಗತ್ಯ.

ಸಭೆಗಳಲ್ಲಿ ಯಾವುದೇ ಮಗುವಿನ ಹೆಸರನ್ನು ಈ ವಿಷಯದಲ್ಲಿ ಎತ್ತಬಾರದು. ಗ್ರಾಮ ಸಭೆಯಲ್ಲಿ ಒಮ್ಮೆ ಆಡಿದ “ಆ ಮಗುವಿಗೆ ತಲೆ ಸರಿಯಿಲ್ಲ” ಎಂಬ ಮಾತು ಮದುವೆಯ ವಯಸ್ಸಿನವರೆಗೂ ಅದರ ಬೆನ್ನು ಬಿಡುವುದಿಲ್ಲ. ಕಾರ್ಯಕರ್ತೆಯ ನೋಟ್‌ಬುಕ್ಕನ್ನು ಸದಸ್ಯರು ಕೇಳಿ ನೋಡುವುದೂ ಸಲ್ಲದು. ಮಗುವಿನ ಭಯ ಅಥವಾ ವಯಸ್ಸಿಗೆ ಮೀರಿದ ಆಟ-ಮಾತುಗಳು ಲೈಂಗಿಕ ದೌರ್ಜನ್ಯದ ಅನುಮಾನ ಹುಟ್ಟಿಸಿದರಂತೂ ಊರಿನ ಹಿರಿಯರ ವಿಚಾರಣೆ, ರಾಜಿ ಪಂಚಾಯಿತಿ ಎಂಬುವು ಇರಲೇಕೂಡದು. 2012ರ ಪೋಕ್ಸೊ ಕಾಯ್ದೆಯಂತೆ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ತಿಳಿಸದಿರುವುದು ಶಿಕ್ಷಾರ್ಹ. ಮಕ್ಕಳ ಸಹಾಯವಾಣಿ 1098.

ಉದಾಹರಣೆಯ ಹುಡುಗನ ವಿಷಯದಲ್ಲಿ ಇನ್ನೊಂದು ಮಾತು ಉಳಿದಿದೆ. ಯುಗಾದಿಯ ಹೊತ್ತಿಗೆ ಹಂಗಾಮು ಮುಗಿದು ತಂದೆ-ತಾಯಿ ಊರಿಗೆ ಮರಳುತ್ತಾರೆ. ಎಲ್ಲವೂ ಸರಿಹೋಯಿತೆಂದು ಎಲ್ಲರೂ ಭಾವಿಸುವ ಆ ದಿನಗಳಲ್ಲಿಯೇ ಅವನು ತಾಯಿಯ ಸೆರಗು ಬಿಡದೆ ಅಳಬಹುದು, ಅಂಗನವಾಡಿಗೆ ಬರಲೊಲ್ಲೆ ಎನ್ನಬಹುದು, ಮತ್ತೆ ಕಚ್ಚಲೂಬಹುದು. ಅವ್ವ ಮತ್ತೆ ಹೊರಟುಬಿಡುತ್ತಾಳೆಂಬ ಅಂಜಿಕೆ ಅದು. ಆ ವಾರ ಅವನಿಗೆ ಪರಿಚಿತ ಮುಖವೇ ಬಾಗಿಲಲ್ಲಿ ಇರಬೇಕು. ಕಾರ್ಯಕರ್ತೆಯನ್ನು ಆ ವಾರ ಯಾವುದಾದರೂ ಸಮೀಕ್ಷೆಗೆ ಕಳುಹಿಸುವ ಪ್ರಸ್ತಾಪ ಪಂಚಾಯಿತಿಯ ಮುಂದೆ ಬಂದರೆ, ಅದನ್ನು ಮುಂದಿನ ವಾರಕ್ಕೆ ಹಾಕುವಂತೆ ಕೋರಬಹುದು.