ಗಾಯ ಮಾಗಿದ ಮೇಲಿನ ನೋವು



ನನ್ನ ವಿದ್ಯಾರ್ಥಿನಿಯೊಬ್ಬಳ ತಂದೆ ಪೀಣ್ಯದಲ್ಲಿ ಪವರ್ ಪ್ರೆಸ್ ಕೆಲಸಗಾರರು. ಎರಡು ವರ್ಷದ ಹಿಂದೆ ಮಷೀನಿಗೆ ಬಲಗೈ ಸಿಕ್ಕಿತು. ಗಾಯ ಮಾಗಿದೆ, ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ, ನೋವು ಮಾತ್ರ ಹೋಗಿಲ್ಲ. ಸೂಪರ್‌ವೈಸರ್ "ನಾಟಕ" ಅಂದನಂತೆ. ಮನೆಯ ಹಿರಿಯರು "ಹಿಂದಿನ ಜನ್ಮದ ಕರ್ಮ" ಅಂದರು. ಪೋಷಕರ ಸಭೆಯಲ್ಲಿ ನಾನೂ "ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಅಣ್ಣಾ, ಮರೆತುಬಿಡಿ" ಅಂದೆ. ಅವರು ಮಾತಾಡದೆ ಆ ಕೈಯನ್ನು ಜೇಬಿಗೆ ಹಾಕಿಕೊಂಡರು.

ಸಂಯುತ್ತ ನಿಕಾಯದ ಸಲ್ಲ ಸುತ್ತ ನಮಗೆಲ್ಲ ಗೊತ್ತು. ದೇಹದ ನೋವು ಮೊದಲ ಬಾಣ, ಅದಕ್ಕೆ ಮನಸ್ಸು ಕೂಡಿಸುವ ಸಂಕಟ ಎರಡನೆಯದು. ವೈದ್ಯರು ಹೇಳುವುದೂ ಹತ್ತಿರ ಹತ್ತಿರ ಇದನ್ನೇ. ಮೂರು ತಿಂಗಳು ದಾಟಿದ್ದು ದೀರ್ಘಕಾಲದ ನೋವು. ಗಾಯ ವಾಸಿಯಾದರೂ ನರಮಂಡಲ ಎಚ್ಚರದಲ್ಲೇ ಉಳಿದುಬಿಡಬಹುದು. ಆಡಿಸಿದರೆ ಮತ್ತೆ ಏಟಾದೀತೆಂಬ ಭಯಕ್ಕೆ ಕೈ ಆಡಿಸುವುದಿಲ್ಲ. ಕೀಲು ಬಿಗಿಯುತ್ತದೆ, ನಿದ್ದೆ ಕೆಡುತ್ತದೆ, ನೋವು ಇನ್ನೂ ಬಲಿಯುತ್ತದೆ. ಹಾಗೆಂದು ಅದು ಸುಳ್ಳು ನೋವಲ್ಲ. ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯಾನವನ್ನು ಪರಿಷ್ಕರಿಸಿದಾಗ, ನೋವಾಗುತ್ತಿದೆ ಎಂದವರ ಮಾತನ್ನು ಗೌರವಿಸಬೇಕು ಎಂದೂ ಸೇರಿಸಿತು.

ಎರಡನೆಯ ಬಾಣವನ್ನು ಯಾವಾಗಲೂ ನಾವೇ ಹೊಡೆದುಕೊಳ್ಳುತ್ತೇವೆಯೇ? ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕೆನಡಾದ ಮೈಕೆಲ್ ಸಲಿವನ್ ಮತ್ತು ಸಂಗಡಿಗರು 2008ರಲ್ಲಿ, ಗಾಯಗೊಂಡವರಲ್ಲಿನ ಅನ್ಯಾಯದ ಭಾವವನ್ನು ಅಳೆಯಲು ಒಂದು ಪ್ರಶ್ನಾವಳಿ ರೂಪಿಸಿದರು. ಆ ಭಾವ ಹೆಚ್ಚಿದ್ದವರಲ್ಲಿ ನೋವೂ ಹೆಚ್ಚಿತ್ತು. ಆದರೆ ಪ್ರೆಸ್ಸಿನ ಗಾರ್ಡ್ ಬಿಚ್ಚಿ ಕೆಲಸ ಮಾಡಿಸಿದ್ದರೆ ಅನ್ಯಾಯ ಬರೀ ಭಾವವಲ್ಲ, ನಡೆದದ್ದು. ಯಂತ್ರಕ್ಕೆ ರಕ್ಷಣೆ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ಇನ್ನು ಕರ್ಮದ ಮಾತು. ಅದೇ ಸಂಯುತ್ತದ ಸೀವಕ ಸುತ್ತದಲ್ಲಿ ಬುದ್ಧರು ಪಿತ್ತ, ಕಫ, ವಾತ, ಋತು, ಹೊಡೆತ ಹೀಗೆ ವೇದನೆಗೆ ಹಲವು ಕಾರಣಗಳನ್ನು ಎಣಿಸುತ್ತಾರೆ. ಎಲ್ಲವೂ ಹಿಂದೆ ಮಾಡಿದ್ದರ ಫಲ ಎನ್ನುವವರ ಮಾತು ತಪ್ಪು ಎನ್ನುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ತಳ್ಳಿಹಾಕಿದ್ದು ಸುಮ್ಮನೆ ಅಲ್ಲ. ಪ್ರೆಸ್ಸಿನ ಏಟಿಗೆ ಪೂರ್ವಜನ್ಮ ಹುಡುಕಿದರೆ ಗಾರ್ಡ್ ಬಿಚ್ಚಿಸಿದವನನ್ನು ಯಾರೂ ಕೇಳುವುದಿಲ್ಲ.

ಭಾನುವಾರ ಅವರ ಮನೆಗೆ ಹೋಗಿ ತಪ್ಪಾಯಿತೆಂದೆ. ಧ್ಯಾನದ ಸುದ್ದಿ ಎತ್ತಲಿಲ್ಲ. ಅಂದು ಏನಾಯಿತು ಅಣ್ಣಾ ಎಂದಷ್ಟೇ ಕೇಳಿದೆ. ಒಂದು ಗಂಟೆ ಹೇಳಿದರು. ಟೀ ಲೋಟ ಎಡಗೈಯಲ್ಲೇ ಇತ್ತು. ಭಯಕ್ಕೆ ನಿಲ್ಲಿಸಿದ್ದ ಫಿಸಿಯೋಥೆರಪಿಗೆ ಈ ಶನಿವಾರ ಇಬ್ಬರೂ ಹೋಗುತ್ತಿದ್ದೇವೆ.